ಈಜು ಬರದ ಬೆಂಗಳೂರಿನ ಹುಡುಗಿ ಹವಳ ಕಾಯಲು ಎಲ್ಲಿಂದ ಶುರು ಮಾಡಬೇಕು?

"ಅಕ್ಕಾ, ನನಗೆ ಈಜು ಬರಲ್ಲ, ಡೈವಿಂಗ್‌ಗೆ ಹೋಗಬಹುದಾ?" "ಪೀರಿಯಡ್ಸ್ ಬಂದರೆ ಏನು ಮಾಡೋದು?" "ಮನೆಯಲ್ಲಿ ಹೇಗೆ ಒಪ್ಪಿಸೋದು?" "ನಾನು ಬಿ.ಕಾಂ ಓದ್ತಿದ್ದೀನಿ, ನನ್ನಿಂದ ಹವಳಕ್ಕೆ ಏನು ಉಪಯೋಗ?"

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದ ಫೋಟೋ ಹಾಕಿದಾಗಲೆಲ್ಲ ಈ ನಾಲ್ಕು ಪ್ರಶ್ನೆಗಳು ಬಂದೇ ಬರುತ್ತವೆ. ಕೇಳುವವರು ಹೆಚ್ಚಾಗಿ ಕಾಲೇಜು ಹುಡುಗಿಯರು, ಈಗಷ್ಟೇ ಕೆಲಸಕ್ಕೆ ಸೇರಿದವರು. ಕೆಲವೊಮ್ಮೆ ಅವರ ಅಮ್ಮಂದಿರು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಶುರು ಮಾಡುವ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಅಂಡಮಾನಿನಲ್ಲಿ ಮೊದಲ ಸಲ ಸ್ನಾರ್ಕ್ಲಿಂಗ್‌ಗೆ ಇಳಿದಾಗ ನನಗೆ ಸರಿಯಾಗಿ ಈಜು ಬರುತ್ತಿರಲಿಲ್ಲ. (ಸ್ನಾರ್ಕ್ಲಿಂಗ್ ಅಂದರೆ ಬಾಯಲ್ಲಿ ಕೊಳವೆ ಕಚ್ಚಿಕೊಂಡು, ಮುಖ ನೀರಿನೊಳಗಿಟ್ಟು ಮೇಲ್ಮೈಯಲ್ಲೇ ತೇಲುವುದು.) ಮೂಗಿಗೆ ನೀರು ಹೋಯಿತು, ಹೆದರಿದೆ, ಕಾಲಿಗೆ ಸಿಕ್ಕಿದ ಕಲ್ಲಿನ ಮೇಲೆ ನಿಂತೆ. ಅದು ಕಲ್ಲಲ್ಲ, ಕವಲು ಕವಲಾಗಿ ಬೆಳೆದ ಹವಳ. ಕಾಲಡಿಯಲ್ಲಿ ಪಟಪಟ ಮುರಿಯಿತು. ನಾನು ಹವಳವನ್ನು ಪ್ರೀತಿಸಿಯೇ ಅಲ್ಲಿಗೆ ಹೋಗಿದ್ದೆ. ನೀರಿನಲ್ಲಿ ಮೈ ಹೆದರಿಕೊಂಡಾಗ ಆ ಪ್ರೀತಿ ನೆರವಿಗೆ ಬರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ ಡೈವಿಂಗ್ ಐದನೇ ಹಂತದಲ್ಲಿದೆ. (ಇಲ್ಲಿ ಡೈವಿಂಗ್ ಅಂದರೆ ಸ್ಕೂಬಾ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದು.) ಅದಕ್ಕಿಂತ ಮುಂಚಿನ ಹಂತಗಳನ್ನು ದಯವಿಟ್ಟು ಹಾರಿಸಬೇಡಿ.

ಬೇಕಾಗುವುದು

ಸುಮಾರು ಆರು ತಿಂಗಳ ಸಮಯ. ಈಜುಡುಗೆ, ನಿಮ್ಮ ಮುಖಕ್ಕೆ ಸರಿಹೊಂದುವ ಒಂದು ಮಾಸ್ಕ್, ಒಂದು ನೋಟ್‌ಬುಕ್. ಆಸ್ತಮಾ, ಕಿವಿ, ಹೃದಯ ಅಥವಾ ಫಿಟ್ಸ್ ತೊಂದರೆ ಇದ್ದರೆ ವೈದ್ಯರ ಒಪ್ಪಿಗೆ. ಜೊತೆಗೆ ಒಬ್ಬ ಗೆಳತಿ ಸಿಕ್ಕರೆ ಒಳ್ಳೆಯದು, ಯಾಕೆಂದರೆ ಒಬ್ಬರೇ ಶುರು ಮಾಡಿದವರು ಈಜಿನ ಎರಡನೇ ವಾರದಲ್ಲೇ ಬಿಡುವುದನ್ನು ಜಾಸ್ತಿ ನೋಡಿದ್ದೇನೆ.

ಹಂತ 1: ಹವಳ ಏನು ಅಂತ ತಿಳಿದುಕೊಳ್ಳಿ

ಹವಳ ಅಂದರೆ ನಮಗೆ ಮೊದಲು ನೆನಪಾಗುವುದು ಅಜ್ಜಿಯ ಕರಿಮಣಿ ಸರದ ಕೆಂಪು ಮಣಿ, ಅಲ್ವಾ? ಒಡವೆಗೆ ಹೆಸರಾದ ಆ ಕೆಂಪು ಹವಳ ಮೆಡಿಟರೇನಿಯನ್ ಕಡಲಿನದು. ನಾವು ನೋಡಲು ಹೊರಟಿರುವುದು ಕಡಲ ತಳದಲ್ಲಿ ದಿಬ್ಬ (ರೀಫ್) ಕಟ್ಟುವ ಹವಳ. ಅದು ಅದರ ದೂರದ ಬಂಧು.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ಬಾಳುತ್ತಾ, ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಹವಳದ ಬಣ್ಣ ಬಹುಮಟ್ಟಿಗೆ ಈ ಪಾಚಿಯದ್ದೇ.

ಆ ಜಾಗದ ಬೇಸಿಗೆಯ ಗರಿಷ್ಠ ಬಿಸಿಗಿಂತ ನೀರು ಕೇವಲ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಗ ಅದರ ಬಿಳಿ ಸುಣ್ಣದ ಗೂಡು ಕಾಣತೊಡಗುತ್ತದೆ. ಇದನ್ನೇ ಬ್ಲೀಚಿಂಗ್, ಅಂದರೆ ಬಿಳುಚಿಕೊಳ್ಳುವುದು ಅನ್ನುತ್ತಾರೆ. ಬಿಳುಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಸಾಯುತ್ತದೆ. 1998, 2010, 2016ರಲ್ಲಿ ನಮ್ಮ ಕಡಲುಗಳಲ್ಲೂ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಬಿಳುಚುವಿಕೆ ನಡೆಯುತ್ತಿದೆ ಎಂದು ಘೋಷಿಸಿದರು. ಲಕ್ಷದ್ವೀಪವನ್ನು 1998ರಿಂದ ನೋಡುತ್ತಾ ಬಂದಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಸಂಶೋಧಕರ ಪ್ರಕಾರ, ಅಲ್ಲಿ ಅವರು ಅಳೆದ ದ್ವೀಪಗಳಲ್ಲಿ ಜೀವಂತ ಹವಳ 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು.

ದಿಬ್ಬಗಳು ಕಡಲ ತಳದ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಕಡಲ ಜೀವಿಗಳಲ್ಲಿ ಸುಮಾರು ಕಾಲು ಭಾಗ ಬದುಕಿನ ಯಾವುದಾದರೂ ಘಟ್ಟದಲ್ಲಿ ಅವುಗಳನ್ನೇ ನಂಬಿರುತ್ತದೆ. ಇಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಹಂತ 2: ಬೆಂಗಳೂರಿನಲ್ಲೇ ಈಜು ಕಲಿಯಿರಿ

"ಈಜು ಬರದಿದ್ದರೂ ಪರವಾಗಿಲ್ಲ ಮೇಡಂ, ನಾವೇ ಹಿಡಿದುಕೊಂಡು ಹೋಗ್ತೀವಿ" ಅಂತ ಡೈವಿಂಗ್ ಕಡೆಯವರು ಹೇಳುತ್ತಾರೆ. ನಿಯಮದ ಪ್ರಕಾರ ಅದು ಸುಳ್ಳಲ್ಲ. ಒಂದು ಸಲದ ಟ್ರೈ ಡೈವ್‌ಗೆ, ಅಂದರೆ ತರಬೇತುದಾರರ ಕೈ ಹಿಡಿದು ಇಳಿಯುವ ಪ್ರಯೋಗದ ಡೈವ್‌ಗೆ, ಈಜಿನ ಪರೀಕ್ಷೆ ಇರುವುದಿಲ್ಲ. ಆದರೂ ಕಲಿತೇ ಹೋಗಿ ಅನ್ನುತ್ತೇನೆ. ಈಜು ಬಂದವಳು ಮಾಸ್ಕಿನೊಳಗೆ ಎರಡು ಹನಿ ನೀರು ಬಂದರೆ ಸುಮ್ಮನಿರುತ್ತಾಳೆ. ಬರದವಳು ಕೈಕಾಲು ಬಡಿಯುತ್ತಾಳೆ. ಆ ಬಡಿತಕ್ಕೆ ಮುರಿಯುವುದು ಹವಳ.

ಬಸವನಗುಡಿ ಅಕ್ವಾಟಿಕ್ ಸೆಂಟರ್, ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳದಂತಹ ಜಾಗಗಳು ನಗರದಲ್ಲಿ ಹಲವಾರಿವೆ. ಹೆಂಗಸರಿಗೇ ಮೀಸಲಾದ ಸಮಯ, ಮಹಿಳಾ ಕೋಚ್ ಇದ್ದಾರಾ ಎಂದು ಸೇರುವ ಮೊದಲು ಕೇಳಿ. ಮೈಮುಚ್ಚುವ ಈಜುಡುಗೆ ಎಲ್ಲ ಕಡೆ ಸಿಗುತ್ತದೆ. ಹತ್ತಿ ಬಟ್ಟೆಯಲ್ಲಿ ಮಾತ್ರ ಇಳಿಯಬೇಡಿ, ಅದು ನೀರು ಕುಡಿದು ಭಾರವಾಗುತ್ತದೆ.

ಗುರಿ ಇಷ್ಟು: ನಿಲ್ಲದೆ 200 ಮೀಟರ್ ಈಜುವುದು ಮತ್ತು ಏನನ್ನೂ ಹಿಡಿಯದೆ 10 ನಿಮಿಷ ತೇಲುವುದು. ಮುಂದೆ ಓಪನ್ ವಾಟರ್ ಎಂಬ ಡೈವಿಂಗ್ ಕೋರ್ಸ್ ಮಾಡಿದರೆ ಅಲ್ಲೂ ಇದೇ ಪರೀಕ್ಷೆ. 25 ಮೀಟರ್ ಕೊಳದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಂಟು ಸಲ ಈಜಿದರೆ 200 ಮೀಟರ್ ಆಯಿತು. ವೇಗ ಬೇಡ, ಯಾವ ಸ್ಟ್ರೋಕ್ ಆದರೂ ಸರಿ.

ಇದು ಬಂದ ಮೇಲೆ ಕೋಚ್ ಒಪ್ಪಿಗೆ ಪಡೆದು ಮಾಸ್ಕ್, ಸ್ನಾರ್ಕೆಲ್ ಹಾಕಿ ಅಭ್ಯಾಸ ಮಾಡಿ. ಬರೀ ಬಾಯಿಂದ ಉಸಿರಾಡುವುದು ಮೊದಲ ದಿನ ವಿಚಿತ್ರ ಅನ್ನಿಸುತ್ತದೆ, ನಾಲ್ಕನೇ ದಿನ ಮರೆತೇ ಹೋಗುತ್ತದೆ. ಉದ್ದ ಕೂದಲಿನವರು ಬಿಗಿಯಾಗಿ ಜಡೆ ಹಾಕಿಕೊಳ್ಳಿ. ಹಣೆಯ ಮೇಲಿನ ನಾಲ್ಕು ಕೂದಲು ಮಾಸ್ಕ್ ಅಂಚಿಗೆ ಸಿಕ್ಕಿಕೊಂಡರೂ ಸಾಕು, ನೀರು ಒಳಗೆ ಜಿನುಗುತ್ತದೆ. ಮಾಸ್ಕ್ ಸೋರುತ್ತಿದೆ ಅಂತ ದೂರುವವರಲ್ಲಿ ಎಷ್ಟೋ ಜನರ ತೊಂದರೆ ಇದೇ.

"ನನಗೆ ವಯಸ್ಸಾಯಿತು" ಅನ್ನುವ ಅಮ್ಮಂದಿರಿಗೆ ಒಂದು ಮಾತು. ದಿಂಡಿಗಲ್‌ನ ಗೃಹಿಣಿ ಉಮಾ ಮಣಿ ಹವಳದ ಚಿತ್ರ ಬರೆಯುತ್ತಿದ್ದವರು. ಹವಳವನ್ನು ಕಣ್ಣಾರೆ ನೋಡಬೇಕೆಂದು ಐವತ್ತರ ಹತ್ತಿರದಲ್ಲಿ ಈಜು, ಡೈವಿಂಗ್ ಎರಡನ್ನೂ ಕಲಿತರು. ಮಗಳ ಜೊತೆ ನೀವೂ ಸೇರಿಕೊಳ್ಳಿ.

ಹಂತ 3: ಮನೆಯವರ ಜೊತೆ ಕೂತು ಮಾತಾಡಿ

ಸುಳ್ಳು ಹೇಳಿ ಹೋಗಬೇಡಿ. ಕಡಲಿಗೆ ಹೋಗುವಾಗ ನೀವೆಲ್ಲಿದ್ದೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು.

ಅಪ್ಪ ಅಮ್ಮನ ಹೆದರಿಕೆಗೆ ಕಾರಣವೂ ಇದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ಯಾವ ತಾಯಿಯಾದರೂ ಬೇಡ ಅನ್ನುತ್ತಾಳೆ. ಆಗ "ಏನೂ ಆಗಲ್ಲ ಬಿಡಮ್ಮ" ಅನ್ನುವುದು ಉತ್ತರವಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ದಿನ, ಯಾವ ಬಸ್ಸು, ಎಲ್ಲಿ ಉಳಿಯುವುದು, ಜೊತೆಗೆ ಯಾರು, ಯಾರ ದೋಣಿ, ಅವರ ಫೋನ್ ನಂಬರ್. ಒಂದು ದಿನ ಅವರನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಿ, ನೀವು ಹತ್ತು ನಿಮಿಷ ತೇಲುವುದನ್ನು ತೋರಿಸಿ. ಬಾಯಿ ಮಾತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

"ಬಿಸಿಲಿಗೆ ಕಪ್ಪಾಗ್ತೀಯಾ" ಅನ್ನುವ ಮಾತೂ ಬರುತ್ತದೆ. ಹೌದು, ಸ್ವಲ್ಪ ಕಪ್ಪಾಗುತ್ತೀರಿ. ಅದರಲ್ಲಿ ಕೆಟ್ಟದ್ದೇನೂ ಇಲ್ಲ.

ಖರ್ಚಿನ ವಿಷಯ: ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಐರಾವತ, ರಾಜಹಂಸ, ಸ್ಲೀಪರ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಕೆಂಪು ಬಸ್ಸಿನಲ್ಲಿ ಹೋದರೆ ಡೈವ್ ಮತ್ತು ಊಟ, ವಸತಿಯ ದುಡ್ಡು ಹೊಂದಿಸಿದರೆ ಆಯಿತು.

ಹಂತ 4: ಮೊದಲ ಕಡಲು ಮೊಣಕಾಲಷ್ಟೇ ಇರಲಿ

ಡೈವಿಂಗ್‌ಗೆ ಮುಂಚೆ ಒಂದು ಸಲ ಕಲ್ಲಿನ ದಡಕ್ಕೆ ಹೋಗಿ. ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಕಡಲ ನೀರು ಉಳಿಯುತ್ತದೆ. ಏಡಿ, ಶಂಖದ ಹುಳ, ಕಡಲ ಹೂವು, ಕೆಲವು ಕಡೆ ಹವಳದ ಹತ್ತಿರದ ಬಂಧುಗಳೂ ಅಲ್ಲಿ ಕಾಣಸಿಗುತ್ತವೆ. ಗೋಕರ್ಣ, ಕುಮಟಾ, ಕಾರವಾರದ ಕಡೆ ಇಂತಹ ಕಲ್ಲಿನ ದಡಗಳಿವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಇಳಿಯುತ್ತದೆ. ಇಳಿತದ ಹೊತ್ತನ್ನು ಮೊದಲೇ ನೋಡಿಕೊಂಡು, ಅದಕ್ಕಿಂತ ಒಂದು ಗಂಟೆ ಮುಂಚೆ ಅಲ್ಲಿರಿ. ನೀರು ಏರಲು ಶುರುವಾದ ಕೂಡಲೇ ಹೊರಡಿ.

ಹುಷಾರಾಗಿರಬೇಕಾದ ಮೂರು ವಿಷಯ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೆಜ್ಜೆ ಇಡಬೇಡಿ, ಜಾರುವುದು ನೀವು, ಸಾಯುವುದು ಅಲ್ಲಿನ ಜೀವಿ. ತಿರುಗಿಸಿ ನೋಡಿದ ಕಲ್ಲನ್ನು ಇದ್ದ ಹಾಗೇ ಮತ್ತೆ ಇಡಿ. ಅಲೆ ಒಡೆಯುವ ಜಾಗಗಳ ನಡುವೆ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಲೇಬೇಡಿ. ಅದು ಸೆಳೆತ ಇರುವ ಜಾಗ, ಅಂದರೆ ನೀರು ದಡದಿಂದ ಒಳಕ್ಕೆ ಎಳೆದುಕೊಂಡು ಹೋಗುವ ದಾರಿ. ಸಿಕ್ಕಿಹಾಕಿಕೊಂಡರೆ ದಡದ ಕಡೆ ಜಗ್ಗಾಡದೆ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಇನ್ನು ಚಿಪ್ಪು, ಹವಳದ ಚೂರು. ದಡದಲ್ಲಿ ಬಿದ್ದದ್ದನ್ನು ಜೇಬಿಗೆ ಹಾಕಿಕೊಳ್ಳುವುದು ನಮಗೆಲ್ಲ ಅಭ್ಯಾಸ. ದಿಬ್ಬ ಕಟ್ಟುವ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಕೀಳುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಅಂಗಡಿಯಲ್ಲಿ ಶೋಕೇಸಿಗೆ ಮಾರುವ ಬಿಳಿ ಹವಳಕ್ಕೂ ಇದೇ ಅನ್ವಯ.

ಹಂತ 5: ನೇತ್ರಾಣಿ

ಬೆಂಗಳೂರಿನವರು ಡೈವ್ ಮಾಡಿ ಹವಳ ನೋಡಲು ಹತ್ತಿರದ ಜಾಗಗಳಲ್ಲಿ ನೇತ್ರಾಣಿ ಒಂದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಲಕ್ಷದ್ವೀಪದ ಹಾಗೆ ದೊಡ್ಡ ದಿಬ್ಬ ಇಲ್ಲಿಲ್ಲ, ಬಂಡೆಗಳ ಮೇಲೆ ಅಲ್ಲಲ್ಲಿ ಬೆಳೆದ ಹವಳ ಮತ್ತು ಕಣ್ತುಂಬುವಷ್ಟು ಮೀನು. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಡೈವಿಂಗ್ ನಡೆಯುತ್ತದೆ, ಮಳೆಗಾಲದಲ್ಲಿ ಇಲ್ಲ. ದ್ವೀಪದ ಸುತ್ತ ಕಡಿದಾದ ಬಂಡೆ. ನಡೆದು ಇಳಿಯುವ ದಡವಿಲ್ಲ, ದೋಣಿಯಿಂದ ನೇರ ಆಳದ ನೀರಿಗೇ ಇಳಿಯಬೇಕು. ಎರಡನೇ ಹಂತ ಯಾಕೆ ಅಷ್ಟು ಉದ್ದ ಬರೆದೆ ಅಂತ ಈಗ ಗೊತ್ತಾಯಿತಲ್ಲ?

*ದುಡ್ಡು ಕಟ್ಟುವ ಮುಂಚೆ ಕೇಳಿ.* ಒಬ್ಬ ತರಬೇತುದಾರರಿಗೆ ಎಷ್ಟು ಜನ? ಒಬ್ಬರು ಅಥವಾ ಇಬ್ಬರು ಅಂದರೆ ಒಳ್ಳೆಯದು. ದೋಣಿಯಲ್ಲಿ ತುರ್ತು ಆಕ್ಸಿಜನ್ ಇದೆಯಾ? ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರಾ? ಮಹಿಳಾ ತರಬೇತುದಾರರು ಇದ್ದಾರಾ? ಬಟ್ಟೆ ಬದಲಿಸುವ ಜಾಗ, ಶೌಚಾಲಯ ಎಲ್ಲಿ? ಲಂಗರು ಎಲ್ಲಿ ಹಾಕುತ್ತೀರಿ? ಈ ಕೊನೆಯ ಪ್ರಶ್ನೆಗೆ ಅವರು ಹೇಗೆ ಉತ್ತರಿಸುತ್ತಾರೆ ನೋಡಿ. ಹವಳದ ಮೇಲೆ ಲಂಗರು ಬಿದ್ದರೆ ಹತ್ತಾರು ವರ್ಷದ ಬೆಳವಣಿಗೆ ಒಂದು ಏಟಿಗೆ ಹೋಗುತ್ತದೆ. ಗುಂಡು ಹವಳ ವರ್ಷಕ್ಕೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಆರೋಗ್ಯದ ಫಾರಂ "ಸುಮ್ನೆ ಸೈನ್ ಮಾಡಿ" ಅನ್ನುವವರ ಹತ್ತಿರ ಹೋಗಬೇಡಿ. ನೀವೂ ಅದರಲ್ಲಿ ಆಸ್ತಮಾ ಮುಚ್ಚಿಡಬೇಡಿ.

*ಮುಟ್ಟಿನ ದಿನಗಳು.* ಡೈವ್ ಮಾಡಬಹುದು. ರಕ್ತದ ವಾಸನೆಗೆ ಶಾರ್ಕ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಪ್ಯಾಡ್ ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಕಪ್ ಅಥವಾ ಟ್ಯಾಂಪನ್ ಬೇಕು. ಕಪ್ ಹೊಸದಾದರೆ ಎರಡು ಮೂರು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ, ದೋಣಿಯಲ್ಲಿ ಮೊದಲ ಪ್ರಯೋಗ ಬೇಡ. ಹೊಟ್ಟೆನೋವು ಜೋರಾಗಿದ್ದರೆ ದಿನ ಮುಂದೆ ಹಾಕಿ. ಗರ್ಭಿಣಿಯರು ಮಾತ್ರ ಸ್ಕೂಬಾ ಮಾಡಲೇಬಾರದು.

*ಬಟ್ಟೆ, ಕ್ರೀಮು.* ಕೆಲವು ಸನ್‌ಸ್ಕ್ರೀನ್‌ಗಳಲ್ಲಿ ಇರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿ ಮಾಡುತ್ತವೆ ಎಂಬ ಕಾರಣಕ್ಕೆ ಹವಾಯಿ ರಾಜ್ಯ 2021ರಿಂದ ಅಂತಹ ಕ್ರೀಮುಗಳ ಮಾರಾಟವನ್ನು ನಿಷೇಧಿಸಿದೆ. ಸುಲಭದ ದಾರಿ ಅಂದರೆ ತುಂಬುತೋಳಿನ ರ‍್ಯಾಶ್ ಗಾರ್ಡ್ (ಬಿಗಿಯಾದ ಈಜಿನ ಅಂಗಿ) ಮತ್ತು ಲೆಗಿಂಗ್ಸ್. ಬಿಸಿಲೂ ತಾಗುವುದಿಲ್ಲ, ಸಂಕೋಚವೂ ಇರುವುದಿಲ್ಲ. ಜುಮುಕಿ, ಕಾಲ್ಗೆಜ್ಜೆ ರೂಮಿನಲ್ಲೇ ಬಿಟ್ಟು ಬನ್ನಿ.

*ನೀರಿನ ಕೆಳಗೆ.* ಉಸಿರು ಹಿಡಿಯಬೇಡಿ. ಸ್ಕೂಬಾದ ಮೊದಲ ನಿಯಮ ಇದು. ಒಂದೆರಡು ಅಡಿ ಇಳಿದಾಗಲೇ ಕಿವಿಯಲ್ಲಿ ಒತ್ತಡ ಗೊತ್ತಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ, ನೋವು ಬರುವವರೆಗೆ ಕಾಯಬೇಡಿ. ನೋವಾದರೆ ಕೈಸನ್ನೆ ಮಾಡಿ ಸ್ವಲ್ಪ ಮೇಲೆ ಬನ್ನಿ. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ, ದುಡ್ಡು ಹೋದರೂ ಹೋಗಲಿ. ಫಿನ್ಸ್ ಹಾಕಿದಾಗ ನಿಮ್ಮ ಕಾಲು ಒಂದೂವರೆ ಅಡಿ ಉದ್ದವಾಗಿದೆ ಅನ್ನುವುದು ನೆನಪಿರಲಿ. (ಫಿನ್ಸ್ ಅಂದರೆ ಕಾಲಿಗೆ ಹಾಕುವ ರಬ್ಬರ್ ರೆಕ್ಕೆ.) ಹವಳಕ್ಕೆ ಹೆಚ್ಚಾಗಿ ಏಟು ಬೀಳುವುದು ನಾವು ತಿರುಗಿಯೂ ನೋಡದ ಆ ತುದಿಯಿಂದ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಮೊದಲ ಡೈವ್‌ಗೆ ಕ್ಯಾಮೆರಾ ಬೇಡ. ಫೋಟೋಗಾಗಿ ನಕ್ಷತ್ರ ಮೀನು ಕೈಗೆ ಕೊಟ್ಟರೆ, ಮೀನಿಗೆ ಬಿಸ್ಕತ್ತು ಹಾಕಿದರೆ, ಬೇಡ ಅನ್ನಿ. ಗಟ್ಟಿಯಾಗಿ ಹೇಳಿದರೂ ತಪ್ಪಿಲ್ಲ.

*ವಾಪಸ್ ಬರುವಾಗ.* ಬೆಂಗಳೂರಿನವರು ಹೆಚ್ಚಾಗಿ ತಪ್ಪು ಮಾಡುವುದು ಇಲ್ಲಿ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಆಳದಲ್ಲಿ ಉಸಿರಾಡುವಾಗ ರಕ್ತದಲ್ಲಿ ಸಾರಜನಕ ಕರಗುತ್ತದೆ, ಹೊರಗಿನ ಒತ್ತಡ ಬೇಗ ಕಡಿಮೆಯಾದರೆ ಅದು ಗುಳ್ಳೆಯಾಗಿ ತೊಂದರೆ ಕೊಡುತ್ತದೆ. ನಮ್ಮ ಊರು ಕಡಲಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವುದೂ ಎತ್ತರಕ್ಕೆ ಹೋದ ಹಾಗೇ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಜಾಸ್ತಿ ಮಾಡಿದ್ದರೆ 18 ಗಂಟೆ ಕಡಲ ಮಟ್ಟದಲ್ಲೇ ಇರಿ. ಶನಿವಾರ ಬೆಳಿಗ್ಗೆ ಡೈವ್, ಭಾನುವಾರ ಹೊರಡುವುದು ಅಂತ ಯೋಜಿಸಿ.

ಹಂತ 6: ನೋಡಿದ್ದನ್ನು ಆ ದಿನವೇ ಬರೆಯಿರಿ

ರೂಮಿಗೆ ಬಂದು ಮಲಗುವ ಮುಂಚೆ ನೋಟ್‌ಬುಕ್ ತೆಗೆಯಿರಿ. ದಿನ, ಹೊತ್ತು, ಎಷ್ಟು ಆಳ, ನೀರು ಎಷ್ಟು ತಿಳಿಯಾಗಿತ್ತು, ಹವಳದ ಬಣ್ಣ ಕಡುವಾಗಿತ್ತಾ ಪೇಲವವಾಗಿತ್ತಾ, ಬಲೆಯ ತುಂಡು ಎಲ್ಲಾದರೂ ಸಿಕ್ಕಿಕೊಂಡಿತ್ತಾ. ಹೆಸರು ಗೊತ್ತಿಲ್ಲದ ಮೀನಿನ ಚಿತ್ರ ಬಿಡಿಸಿ. ಗೆಳತಿ ಅಥವಾ ತರಬೇತುದಾರರು ತೆಗೆದ ಫೋಟೋಗಳನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಗುರುತಿಸಲು ನೆರವಾಗುತ್ತಾರೆ.

ಆಸಕ್ತಿ ಉಳಿದರೆ ಓಪನ್ ವಾಟರ್ ಕೋರ್ಸ್ ಮಾಡಿ. ಪಾಠ, ಕೊಳದ ಅಭ್ಯಾಸ, ಕಡಲಲ್ಲಿ ನಾಲ್ಕು ಡೈವ್, ಆಮೇಲೆ 18 ಮೀಟರ್‌ವರೆಗೆ ಇಳಿಯುವ ಅನುಮತಿ. ಇದರಲ್ಲಿ ಬಾಯನ್ಸಿ ಕಲಿಸುತ್ತಾರೆ, ಅಂದರೆ ಮೇಲಕ್ಕೂ ಹೋಗದೆ ಕೆಳಕ್ಕೂ ಮುಳುಗದೆ ನೀರಿನಲ್ಲಿ ನಿಲ್ಲುವ ಹದ. ಅದು ಕೈಗೆ ಬಂದ ಮೇಲೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಬಣ್ಣದ ಪಟ್ಟಿ ಹಿಡಿದು, ಮುಟ್ಟದೆಯೇ, ಹವಳ ಎಷ್ಟು ಬಿಳುಚಿದೆ ಅಂತ 1ರಿಂದ 6ರವರೆಗೆ ಅಂಕ ಕೊಡಬಹುದು. 1970ರಲ್ಲಿ ಅಮೆರಿಕದ ಕಡಲ ವಿಜ್ಞಾನಿ ಸಿಲ್ವಿಯಾ ಅರ್ಲ್ ಮುಂದಾಳಾಗಿ ಹೆಂಗಸರೇ ಇದ್ದ ತಂಡವೊಂದು ಎರಡು ವಾರ ಕಡಲ ತಳದ ಮನೆಯಲ್ಲೇ ಉಳಿದು ಸಂಶೋಧನೆ ನಡೆಸಿತ್ತು. ಅವರೂ ಮಾಡಿದ್ದು ಇದನ್ನೇ, ದಿನವೂ ಇಳಿದು ನೋಡಿ ಬರೆದಿಡುವುದು.

ಹಂತ 7: ಊರಿಗೆ ಬಂದ ಮೇಲಿನ ಕೆಲಸ

ಬಿ.ಕಾಂ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಡಲ ಸಂರಕ್ಷಣೆಯ ದಕ್ಷಿಣ್ ಫೌಂಡೇಶನ್ ಇರುವುದು ಬೆಂಗಳೂರಿನಲ್ಲೇ. ಇಂತಹ ಸಂಸ್ಥೆಗಳಿಗೆ ಲೆಕ್ಕ ಬರೆಯುವವರು, ಕನ್ನಡದಲ್ಲಿ ಬರೆಯುವವರು, ಚಿತ್ರ ಬಿಡಿಸುವವರು, ಕೋಡ್ ಬರೆಯುವವರು ಎಲ್ಲರೂ ಬೇಕು. ಅವರ ಇಂಟರ್ನ್‌ಶಿಪ್ ಪ್ರಕಟಣೆಗಳ ಮೇಲೆ ಕಣ್ಣಿಡಿ. ಓದನ್ನೇ ಈ ಕಡೆ ತಿರುಗಿಸಬೇಕೆಂದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್ಸಿ ಇವೆ.

ಮನೆಯಲ್ಲೇ ಕೂತು ಕಡಲಿನ ಜ್ವರವನ್ನೂ ನೋಡಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ ಅಳೆದು, ಹವಳ ಬಿಳುಚುವ ಮುನ್ಸೂಚನೆ ಕೊಡುತ್ತದೆ. ಏಪ್ರಿಲ್, ಮೇನಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ನಮ್ಮ ಹವಳದ ಜಾಗಗಳಲ್ಲಿ ನೀರು ಬಿಸಿಯಾಗುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಸಂಕಟದಲ್ಲೇ ಗೆಳತಿಯರಿಗೆ ಹೇಳಿ, ಕಾಲೇಜಿನಲ್ಲಿ ಮಾತಾಡಿ, ಕನ್ನಡದಲ್ಲಿ ಬರೆಯಿರಿ.

ನಮ್ಮ ಊರಿನ ನೀರೂ ಕಡಲಿಗೇ ಹೋಗುತ್ತದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಬೆಳ್ಳಂದೂರು, ವರ್ತೂರಿನ ನೀರು ದಕ್ಷಿಣ ಪಿನಾಕಿನಿಗೆ. ಎರಡರ ಕೊನೆಯೂ ಬಂಗಾಳ ಕೊಲ್ಲಿ. ನಿಮ್ಮ ಬೀದಿಯ ರಾಜಕಾಲುವೆಗೆ ಕಸ ಬೀಳದ ಹಾಗೆ ನೋಡಿಕೊಳ್ಳುವುದೂ ಕಡಲಿನ ಕೆಲಸವೇ. ಮೀನು ತಿನ್ನುವ ಮನೆಯವರು ಪ್ಯಾರಟ್ ಫಿಶ್ ಕೊಳ್ಳಬೇಡಿ. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿಂದು, ಮರಿ ಹವಳ ಕೂರಲು ಜಾಗ ಮಾಡಿಕೊಡುವುದು ಅದೇ.

ಯಾವಾಗ ಶುರು ಮಾಡಬೇಕು?

ಇದನ್ನು ಮಳೆಗಾಲದಲ್ಲಿ ಓದುತ್ತಿದ್ದರೆ ಇದೇ ವಾರ ಈಜಿಗೆ ಸೇರಿ. ಅಕ್ಟೋಬರ್ ಅಥವಾ ನವೆಂಬರ್‌ನ ಒಂದು ಹುಣ್ಣಿಮೆಗೆ ಗೋಕರ್ಣದ ಕಲ್ಲಿನ ದಡಕ್ಕೆ ಹೋಗಿ, ಜನವರಿಯಲ್ಲಿ ನೇತ್ರಾಣಿಗೆ. ಬೇಸಿಗೆಯಲ್ಲಿ ಓದುತ್ತಿದ್ದರೆ ಈ ವರ್ಷದ ಡೈವಿಂಗ್‌ಗೆ ಅವಸರ ಮಾಡಬೇಡಿ. ಶಾಲೆಗಳಿಗೆ ರಜೆ ಇರುವುದರಿಂದ ಈಜುಕೊಳಗಳಲ್ಲಿ ಮಕ್ಕಳು ತುಂಬಿರುತ್ತಾರೆ. ಬೆಳಿಗ್ಗೆ ಆರರ ಬ್ಯಾಚ್ ಕೇಳಿ ನೋಡಿ, ಅಲ್ಲಿ ಜಾಗ ಸಿಗುವುದು ಹೆಚ್ಚು.